ಮಬ್ಬುಗತ್ತಲಿನ ಹಗ್ಗ

ಆಶ್ಲೇಷ ಮಳೆ ಬಿಡದೆ ಹಿಡಿದುಕೊಂಡಿದ್ದ ಒಂದು ಸಂಜೆ. ನರಸಿಂಹರಾಜಪುರದಿಂದ ಕೊಪ್ಪದ ಕಡೆ ಹೋಗುವ ರಸ್ತೆಯ ಒಳಗಿರುವ ಚಿಕ್ಕಪ್ಪನ ಮನೆ. ಕೊಟ್ಟಿಗೆಗೆ ಹುಲ್ಲು ಹಾಕಿ ಬರುತ್ತೇನೆಂದು ಹೊರಟವನನ್ನು ಅಜ್ಜಿ ಜಗಲಿಯಿಂದಲೇ ತಡೆದರು. "ಬ್ಯಾಟ್ರಿ ತಗಂಡು ಹೋಗೋ, ಹುಳ ಓಡಾಡೋ ಹೊತ್ತು."

ಮಲೆನಾಡಿನಲ್ಲಿ ಕತ್ತಲಾದ ಮೇಲೆ ಹಾವಿನ ಹೆಸರು ಹೇಳುವುದಿಲ್ಲ. ಅದು 'ಹುಳ'. ಕಚ್ಚಿತು ಎನ್ನುವುದೂ ಇಲ್ಲ, 'ಮುಟ್ಟಿತು'. ಐವತ್ತು ಹೆಜ್ಜೆಯ ದಾರಿಗೆ ಬ್ಯಾಟರಿ ಯಾಕೆಂದು ಕೈಬೀಸಿ ಇಳಿದೆ. ಸಂಕ ದಾಟಿ, ಬಸಿಗಾಲುವೆಯ ಅಂಚಿನಲ್ಲಿ ಎಡಗಾಲು ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ನಾನು ಎರಡಡಿ ಹಿಂದೆ ನಿಂತಿದ್ದೆ. ಹಾರಿದ್ದು ನಾನೇ. ಆದರೆ ಹಾರಬೇಕೆಂದು ನಾನು ತೀರ್ಮಾನಿಸಿರಲಿಲ್ಲ. ಎದೆ ಡವಗುಟ್ಟುತ್ತಿತ್ತು, ಬಾಯಿ ಒಣಗಿತ್ತು, ಹಾವು ಎಂಬ ಮಾತು ಮನಸ್ಸಿಗೆ ಬಂದದ್ದು ಇದೆಲ್ಲ ಆದ ಮೇಲೆ. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಕಂಡದ್ದು ಬೇಸಿಗೆಯಲ್ಲಿ ಅಡಿಕೆ ಮರಗಳ ಬುಡಕ್ಕೆ ನೀರು ಹನಿಸಲು ಎಳೆದಿದ್ದ ಕಪ್ಪು ಪೈಪಿನ ತುಂಡು. ಅರ್ಧ ಮಣ್ಣಿನಲ್ಲಿ ಹೂತು, ಅರ್ಧ ಬಳುಕಿ ಮಲಗಿತ್ತು.

"ಏನಾತಾ?" ಚಿಕ್ಕಪ್ಪ ಅಂಗಳದಿಂದ ಕೂಗಿದರು.

"ಏನಿಲ್ಲ, ಪೈಪು."

"ನಾನೂ ಬೆಳಿಗ್ಗೆ ಅದಕ್ಕೇ ಹಾರಿದ್ದೆ ಮಾರಾಯ."

ಎಪ್ಪತ್ತು ಮಳೆಗಾಲ ಆ ತೋಟದಲ್ಲೇ ಕಳೆದವರು ಅವರು. ಆ ಪೈಪನ್ನು ಅಲ್ಲಿ ಹಾಕಿದವರೂ ಅವರೇ. ಆದರೂ ಹಾರಿದ್ದರು. ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಗೊತ್ತಿದ್ದವನ ಕಾಲನ್ನೂ ಹಿಂದಕ್ಕೆಳೆಯುವ ಆ ಶಕ್ತಿ ಯಾವುದು? ನಮ್ಮೊಳಗೆ ಅದನ್ನು ಕೂರಿಸಿದವರು ಯಾರು?

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಬಹಳ ಹಳೆಯ ನಂಟಿದೆ. ಗಂಗಾಮೂಲದಲ್ಲಿ ಹುಟ್ಟುವ ನದಿಗಳಲ್ಲಿ ಭದ್ರೆ ನಮ್ಮ ಕಡೆ ಬರುತ್ತಾಳೆ. ಯುವರಾಜ ನರಸಿಂಹರಾಜ ಒಡೆಯರ ಹೆಸರು ಬರುವ ಮುಂಚೆ ಎಡೇಹಳ್ಳಿ ಎನಿಸಿಕೊಂಡಿದ್ದ ನಮ್ಮ ಊರಿನ ಹತ್ತಿರ, ಲಕ್ಕವಳ್ಳಿ ಅಣೆಕಟ್ಟೆಯ ಹಿನ್ನೀರಾಗಿ ಅಗಲವಾಗಿ ನಿಲ್ಲುತ್ತಾಳೆ. ತುಂಗೆ ಶೃಂಗೇರಿಯ ಕಡೆ ಹರಿಯುತ್ತಾಳೆ. ಆ ತುಂಗೆಯ ದಡದ ಮಠದಲ್ಲಿ ತಲೆಮಾರುಗಳಿಂದ ಪಾಠವಾಗುತ್ತಿರುವ ಅದ್ವೈತದ ಅತ್ಯಂತ ಹೆಸರಾದ ದೃಷ್ಟಾಂತವೇ ಹಗ್ಗ ಮತ್ತು ಹಾವು. ಮಬ್ಬುಗತ್ತಲಿನಲ್ಲಿ ಬಿದ್ದ ಹಗ್ಗ ಹಾವಾಗಿ ಕಾಣುತ್ತದೆ, ಬೆಳಕು ತಂದರೆ ಹಾವು ಇಲ್ಲವಾಗುತ್ತದೆ, ಹಗ್ಗ ಉಳಿಯುತ್ತದೆ. ಜಗತ್ತಿನ ತೋರಿಕೆಯೂ ಹೀಗೇ ಎಂಬುದು ಶಂಕರಾಚಾರ್ಯರು ಹೇಳಬೇಕಾಗಿದ್ದ ಮಾತು. ಅದರ ತತ್ತ್ವವನ್ನು ವಿವರಿಸುವ ಅರ್ಹತೆ ನನಗಿಲ್ಲ. ನನ್ನ ಗಮನ ಸೆಳೆದದ್ದು ಒಂದು ಸಣ್ಣ ವಿವರ.

ಶಂಕರರ ಪರಮಗುರು ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲಿ ಈ ದೃಷ್ಟಾಂತ ಬರುತ್ತದೆ. ಆ ಜಾಗದಲ್ಲಿ ಶಂಕರರ ಹೆಸರಿನ ಭಾಷ್ಯ, ಮಬ್ಬಿನಲ್ಲಿ ಬಿದ್ದ ಹಗ್ಗವನ್ನು ನೋಡಿದವನಿಗೆ ಬರಬಹುದಾದ ಭ್ರಮೆಗಳನ್ನು ಎಣಿಸುತ್ತದೆ: ಹಾವೋ, ಹರಿದ ನೀರಿನ ಗೆರೆಯೋ, ಕೋಲೋ ಎಂದು. ಮೂರೂ ಸರಿಸಮಾನವಾದ ತಪ್ಪುಗಳು. ತರ್ಕಕ್ಕೆ ಬೇಕಾದಷ್ಟು ಕೆಲಸವನ್ನು ಮೂರೂ ಮಾಡುತ್ತವೆ. ಆದರೆ ಮುಂದಿನ ಸಾವಿರದ ಇನ್ನೂರು ವರ್ಷಗಳಲ್ಲಿ ಜನರ ಬಾಯಲ್ಲಿ ಉಳಿದದ್ದು ಹಾವೊಂದೇ. ಹಗ್ಗವನ್ನು ಕೋಲೆಂದು ತಿಳಿದವನ ಕಥೆ ಯಾವ ಹರಿಕಥೆಯಲ್ಲೂ ಬರುವುದಿಲ್ಲ. ನೀರಿನ ಗೆರೆಯೆಂದು ತಿಳಿದವನನ್ನು ಯಾರೂ ನೆನೆಯುವುದಿಲ್ಲ. ಕೋಲನ್ನು ಕೈಬಿಟ್ಟು ಹಾವನ್ನು ಹಿಡಿದುಕೊಂಡ ಈ ಆಯ್ಕೆಯನ್ನು ಯಾವ ಪಂಡಿತರೂ ಕೂತು ಮಾಡಿದ್ದಲ್ಲ. ಅದನ್ನು ಮಾಡಿದ್ದು, ಕೇಳುಗರ ತಲೆಯೊಳಗೆ ಶಂಕರರಿಗಿಂತಲೂ ಬಹಳ ಹಿಂದಿನಿಂದ ಕುಳಿತಿದ್ದ ಯಾವುದೋ ಒಂದು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ತಿರುಗಿಸಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಾವನ್ನು ಹಗ್ಗವೆಂದು ತಿಳಿದವರ ಕಥೆ ಇದೆಯೇ? ಒಂದಿದೆ, ಬಿಲ್ವಮಂಗಳನದು. ಪ್ರೇಯಸಿಯ ಮನೆಯ ಗೋಡೆಯಲ್ಲಿ ಜೋತುಬಿದ್ದಿದ್ದ ಹಾವನ್ನು ಹಗ್ಗವೆಂದು ಹಿಡಿದು ಹತ್ತಿದ ಎನ್ನುತ್ತಾರೆ. ಮೋಹ ಮನುಷ್ಯನನ್ನು ಎಷ್ಟರ ಮಟ್ಟಿಗೆ ಕುರುಡು ಮಾಡಬಲ್ಲದು ಎಂಬುದಕ್ಕೆ ಕೊನೆಯ ಸಾಕ್ಷಿಯಾಗಿ ಆ ಕಥೆಯನ್ನು ಹೇಳುತ್ತಾರೆ. ಮೊದಲನೆಯ ತಪ್ಪು ದಿನವೂ ಆಗುವಂಥದು, ಎರಡನೆಯದು ಪುರಾಣವಾಗುವಷ್ಟು ಅಪರೂಪ. ಒಂದೇ ಮಬ್ಬು, ಅದೇ ಕಣ್ಣು, ಆಕಾರವೂ ಅದೇ. ಹಾಗಿದ್ದೂ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ.

ಏಕೆ ವಾಲುತ್ತದೆ ಎಂಬುದಕ್ಕೆ ಅಮೆರಿಕದ ಮನೋವೈದ್ಯ ರ‍್ಯಾಂಡಾಲ್ಫ್ ನೆಸ್ಸೆ ಒಂದು ಲೆಕ್ಕ ಕೊಟ್ಟರು. ಹೊಗೆ ಕಂಡರೆ ಕೂಗುವ ಯಂತ್ರದ ಉದಾಹರಣೆ ಅವರದು. ಅದನ್ನು ನಮ್ಮ ತೋಟದ ಲೆಕ್ಕಕ್ಕೆ ತರುತ್ತೇನೆ. ಹಗ್ಗ ಕಂಡು ಹಾರಿದರೆ ಆಗುವ ನಷ್ಟ ಎಷ್ಟು? ಒಂದು ಹಿಡಿ ಅನ್ನದ ಶಕ್ತಿಯೂ ಬೇಡ, ಎರಡು ನಿಮಿಷದ ಎದೆಬಡಿತ, ಪಕ್ಕದಲ್ಲಿದ್ದವರ ನಗು. ಹಾವಿನ ಮೇಲೆ ಕಾಲಿಟ್ಟರೆ? ಔಷಧಿ, ಆಸ್ಪತ್ರೆ ಇಲ್ಲದ ಕಾಲದಲ್ಲಿ ಅದರ ಬೆಲೆ ಜೀವ. ಸಾವಿರ ಸಲ ಸುಮ್ಮನೆ ಹಾರಿದ ನಷ್ಟವನ್ನೆಲ್ಲ ಕೂಡಿದರೂ ಒಂದು ಸಲ ಹಾರದೆ ಉಳಿದ ನಷ್ಟಕ್ಕೆ ಸಮವಾಗುವುದಿಲ್ಲ. ಎದುರಿಗಿರುವುದು ಏನೆಂದು ನಿಖರವಾಗಿ ತಿಳಿಯುವ ತನಕ ನಿಂತು ನೋಡಿದ ಜಾಣರೂ ಒಂದು ಕಾಲಕ್ಕೆ ಇದ್ದಿರಬೇಕು. ಅವರ ಮಕ್ಕಳು ಕಡಿಮೆಯಾಗುತ್ತಾ ಬಂದರು. ಪುಕ್ಕಲರ ಮಕ್ಕಳು ಹೆಚ್ಚಾಗುತ್ತಾ ಹೋದರು. ನಾವು ಆ ಪುಕ್ಕಲರ ಸಂತತಿ.

ವಿಕಾಸ ಎಂಬುದು ಸತ್ಯವನ್ನು ಅರಿಯಲೆಂದು ಮಿದುಳನ್ನು ಕಟ್ಟಲಿಲ್ಲ. ನಾಳೆ ಬೆಳಿಗ್ಗೆ ಏಳಲೆಂದು ಕಟ್ಟಿತು. ಈ ಎರಡು ಗುರಿಗಳು ಬಹುಪಾಲು ಒಂದೇ ದಾರಿಯಲ್ಲಿ ಹೋಗುತ್ತವೆ. ಕವಲೊಡೆಯುವ ಕಡೆ ಮಾತ್ರ ಮಿದುಳು ಉಳಿವಿನ ಕಡೆ ತಿರುಗುತ್ತದೆ, ಸತ್ಯ ಆಮೇಲೆ ಬ್ಯಾಟರಿ ಹಿಡಿದು ಹಿಂದಿನಿಂದ ಬರುತ್ತದೆ. ನಿಖರತೆ ದುಬಾರಿ ಎಂಬುದೂ ಇದಕ್ಕೆ ಕಾರಣ. ನಮ್ಮ ಮಿದುಳು ಮೈತೂಕದ ನೂರಕ್ಕೆ 2ರಷ್ಟು ಮಾತ್ರ ಇದ್ದು, ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20ರಷ್ಟನ್ನು ತಾನೊಂದೇ ಉಣ್ಣುತ್ತದೆ. ಬ್ರೆಜಿಲ್‌ನ ಸುಜಾನಾ ಹರ್ಕ್ಯುಲಾನೋ ಹೌಜೆಲ್ ಎಣಿಸಿದ ಪ್ರಕಾರ ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇಷ್ಟು ಉಣ್ಣುವ ಆಳು ಪ್ರತಿ ಪೈಪನ್ನೂ ಮುಟ್ಟಿ ಪರೀಕ್ಷಿಸುತ್ತಾ ಕೂತರೆ ಮನೆ ನಡೆಯುವುದಿಲ್ಲ. ಹಾಗಾಗಿ ಅದು ಅಂದಾಜಿನ ಮೇಲೆ ಬದುಕುತ್ತದೆ.

ಈ ಅಂದಾಜು ಎಷ್ಟು ಹಳೆಯದು ಎಂದು ನೋಡಲು ಅಡಿಕೆ ತೋಟದಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು. ನಮ್ಮಲ್ಲಿ ಎರಡು ಜಾತಿ ಬರುತ್ತವೆ. ತಲೆಯ ಮೇಲೆ ಬೈತಲೆ ತೆಗೆದಂತೆ ಕೂದಲಿರುವ ಕೆಂಪು ಮುಖದ ಮಂಗ, ಉದ್ದ ಬಾಲದ ಕಪ್ಪು ಮುಖದ ಮುಸಿಯ. ಎಳೆ ಅಡಿಕೆ, ಏಲಕ್ಕಿ, ಬಾಳೆ ಎಲ್ಲಕ್ಕೂ ಕೈಹಾಕುವ ಮಂಗನ ಮೇಲೆ ಬೆಳೆಗಾರರಿಗೆ ಇರುವ ಸಿಟ್ಟು ನ್ಯಾಯವಾದದ್ದೇ, ಅದನ್ನು ಹಗುರ ಮಾಡಲಾರೆ. ಆದರೆ ಅದೇ ಮಂಗಗಳ ಹಿಂಡು ಬೇಲಿಯಂಚಿನಲ್ಲಿ ಏನನ್ನೋ ಕಂಡು ಒಮ್ಮೆಲೇ ಕೂಗೆಬ್ಬಿಸಿ ಮರವೇರಿದಾಗ, ಕೊನೆ ಕೊಯ್ಯುತ್ತಿದ್ದವರೂ ಕೆಲಸ ನಿಲ್ಲಿಸಿ ಆ ಕಡೆ ತಿರುಗುತ್ತಾರೆ. ಆ ಕೂಗು ನಮಗೂ ಅರ್ಥವಾಗುತ್ತದೆ.

ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಈ ಕೆಂಪು ಮುಖದ ಮಂಗಗಳ ಮೇಲೆ ಉಮಾ ರಾಮಕೃಷ್ಣನ್ ಮತ್ತು ಅಮೆರಿಕದ ರಿಚರ್ಡ್ ಕಾಸ್ ಒಂದು ಸೊಗಸಾದ ಪ್ರಯೋಗ ಮಾಡಿದರು. 2000ದಲ್ಲಿ ಪ್ರಕಟವಾಯಿತು. ಕಾಡಿನಲ್ಲಿ ಮಂಗಗಳು ಮೇಯುವ ಜಾಗದ ಹತ್ತಿರ ಚಿರತೆಯ ಗೊಂಬೆಗಳನ್ನು ಕ್ಷಣಕಾಲ ತೋರಿಸಿದರು. ಒಂದು ಹಳದಿ ಮೈಯ ಚುಕ್ಕೆ ಚಿರತೆ, ಇನ್ನೊಂದು ಕರಿಚಿರತೆ. ಆಕಾರ ಎರಡರದ್ದೂ ಒಂದೇ. ಚುಕ್ಕೆಯದನ್ನು ಕಂಡಾಗ ಮಂಗಗಳು ಹೆಚ್ಚು ಬೇಗ ಓಡಿದವು. ಮಂಗನ ಕಣ್ಣಿಗೆ ಚಿರತೆ ಎಂದರೆ ಮೊದಲು ಚುಕ್ಕೆ, ಆಮೇಲೆ ಪ್ರಾಣಿ. ಕಾಸ್ ಮುಂದೆ ಮರೆಯಲ್ಲಿ ನಿಂತು ಅರ್ಧ ಮಾತ್ರ ಕಾಣುವ ಚಿರತೆಯನ್ನೂ ತೋರಿಸಿ ನೋಡಿದರು, ಚುಕ್ಕೆ ಅಲ್ಲೂ ಗುರುತಾಯಿತು. ಪೂರ್ತಿ ಕಾಣುವ ತನಕ ಕಾಯದೆ ಒಂದು ಗುರುತು ಸಿಕ್ಕ ಕೂಡಲೇ ತೀರ್ಪು ಕೊಡುವ ಈ ಪದ್ಧತಿಯೇ ಬಸಿಗಾಲುವೆಯ ಹತ್ತಿರ ನನ್ನ ಕಾಲನ್ನೂ ಎಳೆದದ್ದು.

ಹಾವಿನ ವಿಷಯಕ್ಕೆ ಬಂದರೆ ಸ್ವತಃ ಡಾರ್ವಿನ್ನರೇ ಪರೀಕ್ಷೆಗೆ ಇಳಿದಿದ್ದರು. 1871ರ ಪುಸ್ತಕದಲ್ಲಿ ಅದನ್ನು ಬರೆದಿದ್ದಾರೆ. ಲಂಡನ್ನಿನ ಮೃಗಾಲಯದ ಮಂಗಗಳ ಮನೆಗೆ ಹೊಟ್ಟು ತುಂಬಿದ, ಸುರುಳಿ ಸುತ್ತಿದ ಹಾವಿನ ಚರ್ಮವನ್ನು ಒಯ್ದರು, ಒಳಗೆಲ್ಲ ಗದ್ದಲ ಎದ್ದಿತು. ಆಮೇಲೆ ಕಾಗದದ ಚೀಲದಲ್ಲಿ ಜೀವಂತ ಹಾವನ್ನಿಟ್ಟು, ಬಾಯನ್ನು ಸಡಿಲವಾಗಿ ಮುಚ್ಚಿ ಬಿಟ್ಟರು. ಒಂದು ಮಂಗ ಬಂದು ಮೆಲ್ಲಗೆ ಇಣುಕಿತು, ಓಡಿತು. ಮತ್ತೊಂದು ಬಂತು, ಇಣುಕಿತು, ಓಡಿತು. ಹೀಗೆ ಒಂದಾದ ಮೇಲೊಂದು ಬಂದವೇ ಹೊರತು ಸುಮ್ಮನೆ ದೂರ ಉಳಿಯುವುದು ಅವುಗಳಿಂದ ಆಗಲಿಲ್ಲ. ನಮ್ಮೂರಿನಲ್ಲಿ ಯಾರದಾದರೂ ಮನೆಗೆ ಹಾವು ಹಿಡಿಯುವವರು ಬಂದರೆ ನೆರೆಯುವ ಜನವನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಇನ್ನೊಂದು ದಿನ ಡಾರ್ವಿನ್ ತಮ್ಮನ್ನೇ ಪರೀಕ್ಷಿಸಿಕೊಂಡರು. ವಿಷದ ಹಾವಿನ ಪೆಟ್ಟಿಗೆಯ ದಪ್ಪ ಗಾಜಿಗೆ ಮುಖ ಒತ್ತಿ, ಹಾವು ಎರಗಿದರೂ ಕದಲುವುದಿಲ್ಲ ಎಂದು ನಿಶ್ಚಯಿಸಿ ನಿಂತರು. ಹಾವು ಎರಗಿತು. ಗಾಜಿದೆ ಎಂದು ಗೊತ್ತಿದ್ದೂ ಡಾರ್ವಿನ್ ಹಿಂದಕ್ಕೆ ಹಾರಿದ್ದರು. 1872ರಲ್ಲಿ ಅದನ್ನು ಮುಚ್ಚಿಡದೆ ಬರೆದರು. ಚಿಕ್ಕಪ್ಪನ ಪೈಪಿನ ಕಥೆಗೂ ಇದಕ್ಕೂ ಒಂದು ಕೂದಲಿನ ವ್ಯತ್ಯಾಸವಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ತೋಟದ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ನಮ್ಮ ಮತ್ತು ಅದರ ಮನೆತನ ಬೇರೆಯಾಗಿ ಎರಡೂವರೆ ಕೋಟಿ ವರ್ಷಗಳಾದರೂ ಆಗಿವೆ. ಅದರ ಮಿದುಳು ನೂರು ಗ್ರಾಮಿನೊಳಗೆ, ನಮ್ಮದು ಹೆಚ್ಚುಕಡಿಮೆ ಸಾವಿರದ ಮುನ್ನೂರು ಗ್ರಾಂ. ಪಾಲಾದ ಮೇಲೂ ಎರಡೂ ಮನೆಯವರ ಹತ್ತಿರ ಒಂದೇ ತರದ ಹಳೆಯ ಬೀಗ ಇದ್ದರೆ, ಅದು ಪಾಲಾಗುವ ಮುಂಚಿನದು ಎಂದು ಊಹಿಸಬಹುದಷ್ಟೇ. ನಮ್ಮ ಜಿಲ್ಲೆಯವರಿಗೆ ಈ ಬಗೆಯ ಯೋಚನೆ ಹೊಸದಾಗಬೇಕಿಲ್ಲ. ಮೂಡಿಗೆರೆಯಲ್ಲಿ ಕೂತು ತೇಜಸ್ವಿ 1980ರಲ್ಲಿ ಕೊಟ್ಟ 'ಕರ್ವಾಲೊ' ಒಂದು ಹಾರುವ ಓತಿಯ ಹಿಂದೆ ಹೊರಟು, ಕೋಟ್ಯಂತರ ವರ್ಷಗಳ ಕಾಲವನ್ನು ನಮ್ಮ ಕಾಡಿನೊಳಗೇ ತಂದು ನಿಲ್ಲಿಸಿತು. ಶಾಲೆಯಲ್ಲಿ ಸಿಗದ ಡಾರ್ವಿನ್ ನನಗೆ ಸಿಕ್ಕಿದ್ದು ಆ ಕಾದಂಬರಿಯಲ್ಲಿ.

ಹಳೆಯ ಬೀಗ ಎಲ್ಲಿದೆ? ಕ್ಯಾಲಿಫೋರ್ನಿಯಾದ ಮಾನವಶಾಸ್ತ್ರಜ್ಞೆ ಲಿನ್ ಇಸ್ಬೆಲ್ 2006ರಲ್ಲಿ ದಿಟ್ಟವಾದ ವಾದವೊಂದನ್ನು ಮುಂದಿಟ್ಟರು. ಮಂಗ ಮತ್ತು ಮನುಷ್ಯರ ಕುಲದ ಕಣ್ಣು ಇಷ್ಟು ಚುರುಕಾಗಲು, ನೋಟಕ್ಕೆ ಮಿದುಳಿನ ಇಷ್ಟು ಜಾಗ ಮೀಸಲಾಗಲು, ಹಾವೇ ಒಂದು ಮುಖ್ಯ ಕಾರಣ ಎಂದರು. ಮಾರಕ ವಿಷದ ಹಾವುಗಳೇ ಇಲ್ಲದ ಮಡಗಾಸ್ಕರ್‌ನ ಲೆಮೂರ್‌ಗಳ ದೃಷ್ಟಿ ಮಂದ, ಹಾವುಗಳ ಜೊತೆಗೇ ಬೆಳೆದ ಆಫ್ರಿಕಾ ಮತ್ತು ಏಷ್ಯಾದ ಮಂಗಗಳ ದೃಷ್ಟಿ ತೀಕ್ಷ್ಣ ಎಂಬುದು ಅವರ ಸಾಕ್ಷಿಗಳಲ್ಲೊಂದು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ಎಲೆಗಳ ನಡುವೆ ಹಣ್ಣು ಹುಡುಕಲು, ಕೊಂಬೆಯ ಮೇಲಿನ ಕೀಟ ಹಿಡಿಯಲು ಆ ಕಣ್ಣು ಬಂತು ಎನ್ನುವವರಿದ್ದಾರೆ. ಹಾವೊಂದೇ ಇಷ್ಟನ್ನು ಮಾಡಿತು ಎಂಬಷ್ಟು ದೂರ ನಾನು ಇಸ್ಬೆಲ್ ಜೊತೆ ಹೋಗಲಾರೆ. ಆದರೆ ಅವರ ವಾದದಿಂದ ಹುಟ್ಟಿದ ಪ್ರಯೋಗಗಳು ಬಹಳ ಗಟ್ಟಿಯಾದವು.

ಜಪಾನಿನ ಟೊಯಾಮಾ ವಿಶ್ವವಿದ್ಯಾಲಯದ ಹಿಸಾವೊ ನಿಷಿಜೊ ಅವರ ತಂಡ 2013ರಲ್ಲಿ ಎರಡು ಮಂಗಗಳ ಮಿದುಳಿನ ಆಳದಲ್ಲಿ, ಪಲ್ವಿನಾರ್ ಎಂಬ ಭಾಗದ ನರಕೋಶಗಳಿಗೆ ಕಿವಿಗೊಟ್ಟಿತು. ಹಾವು ಕಂಡ ಅನುಭವವಿಲ್ಲದೆ ಸಾಕಣೆಯಲ್ಲಿ ಬೆಳೆದ ಮಂಗಗಳವು. ಮಂಗದ ಮುಖ, ಕೈ, ರೇಖಾಕೃತಿ ಮತ್ತು ಹಾವು, ಈ ನಾಲ್ಕರ ಚಿತ್ರಗಳನ್ನು ತೋರಿಸಿದಾಗ ಹೆಚ್ಚು ಕೋಶಗಳು, ಹೆಚ್ಚು ಬಲವಾಗಿ, ಹೆಚ್ಚು ಬೇಗ ಮಿಡಿದದ್ದು ಹಾವಿಗೆ. ಕಂಡೇ ಇರದ ವಸ್ತುವಿಗೆ ಒಳಗೆ ಜಾಗ ಸಿದ್ಧವಿತ್ತು.

ಇನ್ನೊಂದು ಪ್ರಯೋಗವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಗೋಯಾ ವಿಶ್ವವಿದ್ಯಾಲಯದ ನೊಬುಯುಕಿ ಕವಾಯ್ ಮತ್ತು ಅವರ ಸಹೋದ್ಯೋಗಿ 2016ರಲ್ಲಿ ಹಾವು, ಹಕ್ಕಿ, ಬೆಕ್ಕು, ಮೀನುಗಳ ಚಿತ್ರಗಳನ್ನು ಗುರುತೇ ಸಿಗದಷ್ಟು ಮಬ್ಬು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ತಿಳಿಗೊಳಿಸುತ್ತಾ ಜನರಿಗೆ ತೋರಿಸಿದರು. ಉಳಿದವು ಇನ್ನೂ ಮಸುಕಾಗಿದ್ದ ಹಂತದಲ್ಲೇ ಜನ ಹಾವನ್ನು ಗುರುತಿಸಿದರು. ಗೌಡಪಾದರ ಕಾರಿಕೆಯಲ್ಲಿ ಬರುವುದು ಕತ್ತಲು, ಭಾಷ್ಯ ಹೇಳುವುದು ಮಬ್ಬುಗತ್ತಲು. ಆ ದೃಷ್ಟಾಂತಕ್ಕೆ ಬೇಕಾದ ಬೆಳಕಿನ ಪ್ರಮಾಣವನ್ನು ಕವಾಯ್ ತಮಗರಿವಿಲ್ಲದೆ ಅಳೆದಿದ್ದರು.

ಕಣ್ಣಿಗೆ ಬಿದ್ದದ್ದು ಕಾಲಿಗೆ ತಲುಪುವ ದಾರಿಯನ್ನು ನ್ಯೂಯಾರ್ಕಿನ ಜೋಸೆಫ್ ಲೆಡೂ 1990ರ ದಶಕದಲ್ಲಿ ವಿವರಿಸಿದ ರೀತಿ ಪ್ರಸಿದ್ಧವಾಯಿತು. ಒಂದು ಕಾಲುದಾರಿ, ಒಂದು ಟಾರು ರಸ್ತೆ. ಕಾಲುದಾರಿ ಒರಟು, ವಿವರವಿಲ್ಲ, ಆದರೆ ಹತ್ತಿರ. ಅದು ನೇರವಾಗಿ ಅಮಿಗ್ಡಲ ಎಂಬ ಬಾದಾಮಿ ಗಾತ್ರದ ಭಾಗಕ್ಕೆ ಸುದ್ದಿ ಮುಟ್ಟಿಸುತ್ತದೆ, ಮೈ ಹಾರುತ್ತದೆ. ಟಾರು ರಸ್ತೆ ಮಿದುಳಿನ ತೊಗಟೆಯನ್ನು ಬಳಸಿ ಬರುತ್ತದೆ, ಅದು ಪೈಪು ಎಂಬ ವಿವರವನ್ನು ತರುತ್ತದೆ, ತಡವಾಗಿ. ದಾರಿಗಳು ಎರಡೇ ಅಲ್ಲ, ಹಲವಾರು ಏಕಕಾಲಕ್ಕೆ ಕೆಲಸ ಮಾಡುತ್ತವೆ ಎಂದು ಮುಂದಿನವರು ತಿದ್ದಿದ್ದಾರೆ. ಮೈ ಹಾರುವುದೇ ಬೇರೆ, ಹೆದರಿಕೆ ಎಂದು ನಮಗೆ ಅನಿಸುವುದೇ ಬೇರೆ ಎಂದು ಲೆಡೂ ಕೂಡ ಆಮೇಲೆ ಒತ್ತಿ ಹೇಳಿದರು. ಇಷ್ಟು ಗೊತ್ತಿದ್ದೂ ವೇದಿಕೆಗಳಲ್ಲಿ ಮಾತಾಡುವವರು ಮನುಷ್ಯನ ತಲೆಯೊಳಗೆ ಒಂದು ಹಲ್ಲಿಯ ಮಿದುಳು, ಅದರ ಮೇಲೆ ದನದ ಮಿದುಳು, ಅದರ ಮೇಲೆ ಮನುಷ್ಯನ ಮಿದುಳು ಅಟ್ಟಣಿಗೆಯಂತೆ ಕೂತಿವೆ ಎಂದು ಇನ್ನೂ ಹೇಳುತ್ತಿರುತ್ತಾರೆ. ಅದು ತಪ್ಪು. ಮಿದುಳು ಮಹಡಿ ಮೇಲೆ ಮಹಡಿ ಕಟ್ಟಿದ ಮನೆಯಾಗಿ ಬೆಳೆದಿಲ್ಲ. ಹಳೆಯ ಗೋಡೆಗಳನ್ನೇ ಒಡೆದು, ಕೂಡಿಸಿ, ಹೊಸ ಕೆಲಸಕ್ಕೆ ಒಗ್ಗಿಸಿಕೊಂಡ ತೊಟ್ಟಿಮನೆ ಅದು.

ನಮ್ಮೊಳಗಿನ ಈ ಎಚ್ಚರಿಕೆಯ ಗಂಟೆ ಯಾವುದಕ್ಕೆ ಬಾರಿಸುತ್ತದೆ ಎಂಬುದಕ್ಕಿಂತ ಯಾವುದಕ್ಕೆ ಬಾರಿಸುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಕಾಡಿನಲ್ಲಿ ಈಗ ಜನ ನಡುಗುವ ಇನ್ನೊಂದು ಹುಳವಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ, ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಬಾಗಿಲಿಗೂ ಬಂದಿದೆ. ಹರಡುವುದು ಉಣುಗು. ಅದರ ಎಳೆಯ ಹಂತ ಎಳ್ಳುಕಾಳಿಗಿಂತ ಚಿಕ್ಕದು. ಮಳೆ ನಿಂತ ಮೇಲೆ ಬೇಸಿಗೆಯ ತನಕ, ಕೊಟ್ಟಿಗೆಗೆ ದರಗು ಗುಡಿಸುವ ಹೊತ್ತಿಗೆ ಸರಿಯಾಗಿ ಅದು ಹೆಚ್ಚುತ್ತದೆ. ದರಗಿನ ರಾಶಿಯಲ್ಲಿ ಒಂದು ಹಸಿರುಹಾವು ಅಲ್ಲಾಡಿದರೆ ಹೆಡಿಗೆ ಎಸೆದು ಓಡುವವರೇ ಎಲ್ಲರೂ. ಹಸಿರುಹಾವಿನಿಂದ ಸತ್ತವರಿಲ್ಲ. ಮೊಣಕಾಲಿನ ಹಿಂದೆ ಉಣುಗು ಹತ್ತಿದ್ದು ಸ್ನಾನದ ತನಕ ಗೊತ್ತೇ ಆಗುವುದಿಲ್ಲ, ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನರ ಜೀವವನ್ನೇ ಅದು ತೆಗೆದುಕೊಂಡು ಹೋಗಬಹುದು. ಕಣ್ಣಿಗೆ ಕಾಣುವ ಉದ್ದನೆಯ ಶತ್ರುವಿಗಾಗಿ ಕಟ್ಟಿದ ಕಾವಲು, ಕಾಣದ ಚುಕ್ಕೆಗೆ ಬಾಗಿಲು ತೆರೆದೇ ಇಟ್ಟಿದೆ. ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಹಚ್ಚಿಕೊಳ್ಳಿ, ಕಾಡಿನಿಂದ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮಂಗ ಸತ್ತು ಬಿದ್ದಿದ್ದರೆ ಸುದ್ದಿ ಮುಟ್ಟಿಸಿ ಎಂದು ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿ ಹೇಳಬೇಕಾಗಿರುವುದು ಇದಕ್ಕೇ. ಮೈ ತಾನಾಗಿ ಹೇಳದ ಎಚ್ಚರವನ್ನು ಅವರು ಬಾಯಲ್ಲಿ ಹೇಳುತ್ತಿದ್ದಾರೆ.

ರಸ್ತೆಯದೂ ಇದೇ ಕಥೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ತಿರುವಿನಲ್ಲಿ ಬಸ್ಸನ್ನು ಹಿಂದಿಕ್ಕುವ ಬೈಕಿನ ಹುಡುಗನ ಎದೆ ಹಾವು ಕಂಡಾಗ ಬಡಿಯುವಂತೆ ಬಡಿಯುವುದಿಲ್ಲ. ಬೈಕಿಗೆ ನೂರೈವತ್ತು ವರ್ಷವೂ ಆಗಿಲ್ಲ, ಹಾವಿಗೆ ಕೋಟಿಗಟ್ಟಲೆ ವರ್ಷ.

ಹಾಗೆಂದು ಹಾವಿನ ಗಂಟೆ ಹಳತಾಯಿತು, ಇನ್ನು ಬೇಡ ಎನ್ನುವಂತಿಲ್ಲ. 2000ದಿಂದ 2019ರ ತನಕ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಹೆಚ್ಚಿನವು ಹಳ್ಳಿಗಳಲ್ಲಿ. ಅಜ್ಜಿಯ ಬ್ಯಾಟರಿಯ ಮಾತಿನಲ್ಲಿ ಈ ಅಂಕಿ ಅಂಶವೆಲ್ಲ ಇತ್ತು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಆದೇಶಿಸಿತು. ಎಷ್ಟೋ ಮೊದಲೇ ಆಗಬೇಕಿದ್ದ ಕೆಲಸ. ಗದ್ದೆಗೆ ಇಳಿಯುವವರಿಗೆ ಗಂಬೂಟು, ಕತ್ತಲಿಗೆ ಬೆಳಕು, ಕಚ್ಚಿದರೆ ಮಂತ್ರಕ್ಕೆ ಓಡದೆ ಆಸ್ಪತ್ರೆಗೆ ಓಡುವುದು. ಕಾಲು ಹಿಂದಕ್ಕೆಳೆಯುವ ಆ ಹಳೆಯ ಶಕ್ತಿಗೆ ನಾವು ಮಾಡಬಹುದಾದ ಸಹಾಯ ಇಷ್ಟು.

ಉಣುಗಿನ ಭಯವನ್ನು ಕಲಿಸಬೇಕು, ಹಾವಿನದು ಹುಟ್ಟಿನಿಂದಲೇ ಬರುತ್ತದೆ ಎಂದುಕೊಂಡೇ ಇಷ್ಟನ್ನೂ ಬರೆಯುತ್ತಾ ಬಂದೆ. ಆದರೆ ಅದೂ ಪೂರ್ತಿ ನಿಜವಲ್ಲ. ಅಮೆರಿಕದ ಸುಸಾನ್ ಮಿನೇಕಾ 1980ರ ದಶಕದಲ್ಲಿ ಕಂಡುಕೊಂಡ ಸಂಗತಿ ಈ ಇಡೀ ವಿಷಯದಲ್ಲೇ ನನಗೆ ಅತ್ಯಂತ ಪ್ರಿಯವಾದದ್ದು. ಕಾಡಿನಲ್ಲಿ ಹುಟ್ಟಿದ ಮಂಗಗಳು ಹಾವಿಗೆ ಹೆದರುತ್ತಿದ್ದವು, ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದವು ಹೆದರುತ್ತಿರಲಿಲ್ಲ. ಹೆದರುವ ಮಂಗವನ್ನು ಹೆದರದ ಮಂಗ ಕೆಲವೇ ನಿಮಿಷ ನೋಡಿದರೆ ಸಾಕಿತ್ತು, ಅದೂ ಹೆದರಲು ಕಲಿಯುತ್ತಿತ್ತು. ಆಮೇಲೆ ಮಿನೇಕಾ ಮತ್ತು ಮೈಕೆಲ್ ಕುಕ್ ಒಂದು ಉಪಾಯ ಮಾಡಿದರು. ವಿಡಿಯೊ ಕತ್ತರಿಸಿ ಜೋಡಿಸಿ, ಅದೇ ಮಂಗ ಹೂವನ್ನು ಕಂಡು ಹೆದರಿದಂತೆ ತೋರಿಸಿದರು. ನೋಡಿದ ಮಂಗಗಳು ಹೂವಿಗೆ ಹೆದರಲು ಕಲಿಯಲಿಲ್ಲ. ಹಾವಿಗೆ ಕಲಿತವು. ಹುಟ್ಟಿನಿಂದ ಬಂದದ್ದು ಭಯ ಅಲ್ಲ, ಭಯವನ್ನು ಬೇಗ ಹಿಡಿಯುವ ಹದ. ಬೀಜ ಬೀಳುವ ಮೊದಲೇ ಉತ್ತು ಹದ ಮಾಡಿಟ್ಟ ಗದ್ದೆ.

ಮನುಷ್ಯರ ಕೂಸುಗಳಲ್ಲೂ ಹೀಗೇ ಕಾಣುತ್ತದೆ. ಜರ್ಮನಿಯ ಸ್ಟೆಫಾನಿ ಹೋಲ್ ಮತ್ತು ಸಂಗಡಿಗರು 2017ರಲ್ಲಿ ಆರು ತಿಂಗಳ ಮಕ್ಕಳನ್ನು ತಾಯಿ ಅಥವಾ ತಂದೆಯ ತೊಡೆಯ ಮೇಲೆ ಕೂರಿಸಿ ಚಿತ್ರಗಳನ್ನು ತೋರಿಸಿದರು. ಮೀನು ಕಂಡಾಗಿನದಕ್ಕಿಂತ ಹಾವು ಕಂಡಾಗ ಕಣ್ಣಪಾಪೆ ಹೆಚ್ಚು ಅಗಲವಾಯಿತು. ಆದರೆ ಅಷ್ಟನ್ನೇ ನೋಡಿ ಅದನ್ನು ಭಯ ಎನ್ನಲಾಗದು. ವನೆಸ್ಸಾ ಲೊಬ್ಯೂ ಮತ್ತು ಜೂಡಿ ಡಿಲೋಚ್ ಇನ್ನೂ ಸ್ವಲ್ಪ ದೊಡ್ಡ ಮಕ್ಕಳಿಗೆ ಹಾವಿನ ವಿಡಿಯೊ ತೋರಿಸಿದಾಗ, ಜೊತೆಗೆ ಹೆದರಿದ ಧ್ವನಿ ಕೇಳಿಸಿದರೆ ಮಕ್ಕಳು ಹಾವನ್ನೇ ಹೆಚ್ಚು ಹೊತ್ತು ನೋಡಿದರು. ಕೂಸಿನ ಮಿದುಳು 'ಇದನ್ನು ಗಮನಿಸು' ಎಂದಷ್ಟೇ ಹೇಳುತ್ತದೆ. ಗಮನಿಸಿ ಏನು ಮಾಡಬೇಕು ಎಂಬುದನ್ನು ಸುತ್ತಲಿನ ದೊಡ್ಡವರ ಮುಖದಲ್ಲಿ, ದನಿಯಲ್ಲಿ ಹುಡುಕುತ್ತದೆ.

ಹಾಗಿದ್ದರೆ ಆ ಮುಖಗಳು ಏನು ಹೇಳುತ್ತವೆ ಎಂಬುದು ಸಣ್ಣ ವಿಷಯವಲ್ಲ. ಜಗತ್ತಿನ ಬಹಳ ಕಡೆ ಅದು ಕಿರುಚು ಮತ್ತು ದೊಣ್ಣೆ. ನಮ್ಮಲ್ಲೂ ದೊಣ್ಣೆ ಇಲ್ಲದಿಲ್ಲ, ಕೊಳಕುಮಂಡಲ ಕಂಡರೆ ಬಿಡುವವರು ಕಡಿಮೆ. ಆದರೆ ಜೊತೆಗೆ ಬೇರೆಯದೊಂದೂ ಇದೆ. ತೋಟದ ಮೂಲೆಯಲ್ಲಿ ಕೊಡಲಿ ಬೀಳದ ನಾಗಬನವಿದೆ. ಸತ್ತ ನಾಗರಕ್ಕೆ ಸಂಸ್ಕಾರ ಮಾಡುವವರಿದ್ದಾರೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಹತ್ತಿರ ಕಪ್ಪೆ ಶಂಕರ ಎಂಬ ಪುಟ್ಟ ಜಾಗವಿದೆ. ಬಿರುಬಿಸಿಲಿನಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಬಿಚ್ಚಿ ನೆರಳು ಹಿಡಿದದ್ದನ್ನು ಶಂಕರರು ಅಲ್ಲಿ ಕಂಡರಂತೆ, ಪೀಠಕ್ಕೆ ತಕ್ಕ ನೆಲ ಇದೇ ಎಂದು ಆರಿಸಿದರಂತೆ. ಹಗ್ಗ ಮತ್ತು ಹಾವಿನ ದೃಷ್ಟಾಂತ ಬರುವುದು ಮಾಂಡೂಕ್ಯದ ಕಾರಿಕೆಯಲ್ಲಿ, ಮಂಡೂಕ ಎಂದರೂ ಕಪ್ಪೆಯೇ. ಇದನ್ನು ಆಕಸ್ಮಿಕ ಎಂದೇ ಬಿಡುತ್ತೇನೆ, ಆದರೆ ನೆನೆದಾಗಲೆಲ್ಲ ಸಂತೋಷವಾಗುತ್ತದೆ. ಎರಡೂವರೆ ಕೋಟಿ ವರ್ಷಗಳ ಬೆದರಿಕೆಯ ಎದುರು ಈ ದಡದ ಜನ ಇಟ್ಟದ್ದು ನೆರಳು ಕೊಡುವ ಹೆಡೆಯ ಚಿತ್ರ. ಮೈಯ ಹಾರುವಿಕೆಯನ್ನು ಅಳಿಸಲು ಅವರಿಂದಾಗಲಿಲ್ಲ, ಯಾರಿಂದಲೂ ಆಗುವುದಿಲ್ಲ. ಹಾರಿದ ಮರುಕ್ಷಣ ಕೈ ಏನು ಮಾಡಬೇಕು ಎಂಬುದನ್ನು ಮಾತ್ರ ಬದಲಿಸಿದರು. ದೊಣ್ಣೆಗೆ ಹೋಗುವ ಕೈಗಳು ಜೋಡಿಸಿಕೊಂಡವು.

ಅದರ ಫಲ ಪಕ್ಕದ ಆಗುಂಬೆಯಲ್ಲಿ ಕಾಣುತ್ತದೆ. ರೊಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು, ಕಾಳಿಂಗ ಸರ್ಪಗಳ ಮೈಯೊಳಗೆ ರೇಡಿಯೊ ಇಟ್ಟು ಅವುಗಳ ಹಿಂದೆ ನಡೆದರು. ಹತ್ತು ಹನ್ನೆರಡು ಅಡಿಯ ಆ ಹಾವು ಮನೆಯ ಅಟ್ಟಕ್ಕೆ ಬಂದರೂ ಹೊಡೆಯದೆ, ಹಿಡಿಯುವವರಿಗೆ ಫೋನ್ ಮಾಡಿ ಕಾಯುವ ಜನ ಸುತ್ತ ಇದ್ದುದರಿಂದಲೇ ಆ ಕೆಲಸ ಸಾಧ್ಯವಾಯಿತು. ಅಲ್ಲೇ ವರ್ಷಗಟ್ಟಲೆ ದುಡಿದ ಪಿ. ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ, ಒಂದೇ ಎಂದುಕೊಂಡಿದ್ದ ಕಾಳಿಂಗ ನಿಜವಾಗಿ ನಾಲ್ಕು ಬೇರೆ ಪ್ರಭೇದಗಳೆಂದು ತೋರಿಸಿದರು. ಪಶ್ಚಿಮಘಟ್ಟದ್ದಕ್ಕೆ ಅವರು ಇಟ್ಟ ವೈಜ್ಞಾನಿಕ ಹೆಸರು ಒಫಿಯೋಫೇಗಸ್ ಕಾಳಿಂಗ. ನಮ್ಮ ಅಜ್ಜಿಯಂಥವರು ರಾತ್ರಿ ಹೊತ್ತು ಬಾಯಿಬಿಟ್ಟು ಹೇಳದ ಹೆಸರು ಈಗ ಜಗತ್ತಿನ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿದೆ.

ಪೈಪಿನ ಮರುದಿನ ಬೆಳಿಗ್ಗೆ ಮಳೆ ಹೊಳವಾಗಿತ್ತು. ಚಿಕ್ಕಪ್ಪನ ಮೊಮ್ಮಗಳು, ವರ್ಷ ತುಂಬಿ ಎರಡು ತಿಂಗಳು, ಜಗಲಿಯ ಅಂಚಿನಲ್ಲಿ ಒಂದು ಅಡಿಕೆ ಹಾಳೆಯ ತುಂಡು ಹಿಡಿದು ಬಡಿಯುತ್ತಿದ್ದಳು. ಅಂಗಳದ ಆಚೆಯಿಂದ ಕೇರೆಹಾವೊಂದು, ಬಿಸಿಲು ಕಾಯಿಸಿಕೊಳ್ಳಲು ಹೊರಟಿತ್ತೋ ಏನೋ, ನಿಧಾನವಾಗಿ ಹರಿದು ತುಳಸಿಕಟ್ಟೆಯ ಪಕ್ಕಕ್ಕೆ ಬಂತು. ಮಗುವಿನ ಕೈ ನಿಂತಿತು. ಹಾವನ್ನೇ ನೋಡಿದಳು, ಕಣ್ಣು ಮಿಟುಕಿಸದೆ.

ಒಳಗಿನಿಂದ ಬಂದ ಅವಳ ತಾಯಿ "ಅಯ್ಯಮ್ಮಾ" ಎಂದು ಬಾಗಿಲಲ್ಲೇ ಉಸಿರೆಳೆದುಕೊಂಡು ನಿಂತಳು. ಅಜ್ಜಿ ಕೂತಲ್ಲಿಂದ ಏಳಲಿಲ್ಲ. ಮಗುವಿನ ಸೊಂಟಕ್ಕೆ ಒಂದು ಕೈ ಸುತ್ತಿ ತಮ್ಮ ಕಡೆಗೆ ಎಳೆದುಕೊಂಡು, "ಕೇರೆ ಕಣೇ. ಹೋಗ್ಲಿ ಬಿಡು, ಅದರ ದಾರಿ ಅದು ಹಿಡೀತದೆ" ಎಂದರು.

ಮಗು ತಾಯಿಯ ಮುಖ ನೋಡಿತು. ತಿರುಗಿ ಅಜ್ಜಿಯ ಮುಖ ನೋಡಿತು. ಮತ್ತೆ ತಾಯಿಯ ಕಡೆ ತಿರುಗಿತು. ಅಷ್ಟರಲ್ಲಿ ಕೇರೆ ಬಸಿಗಾಲುವೆಗೆ ಇಳಿದು, ಕಪ್ಪು ಪೈಪಿನ ಪಕ್ಕದಲ್ಲೇ ಹಾದು, ತೋಟದೊಳಗೆ ಹೋಗಿಯಾಗಿತ್ತು.